ಅಲುಗಾಡದೆ ಕೂತಿದ್ದ ಕೆಂಚಮ್ಮ ಮತ್ತು ನಮ್ಮ ಧರ್ಮಾವತಿ ಮೇಡಂ

ನಮ್ಮ ಶಿಕ್ಷಣ ಇಲಾಖೆಯಲ್ಲಿ ಒಂದನೇ ತರಗತಿಯ ಶಿಕ್ಷಕರೆಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹೈಸ್ಕೂಲಿನವರನ್ನು ಕಂಡರೆ ಊರಿನವರು ಎದ್ದು ನಿಲ್ಲುತ್ತಾರೆ, ಮಿಡ್ಲ್ ಸ್ಕೂಲಿನವರನ್ನು ಕಂಡರೆ ಕೂತಲ್ಲಿಂದಲೇ ಕೈ ಮುಗಿಯುತ್ತಾರೆ, ಒಂದನೇ ತರಗತಿಯವರನ್ನು ಕಂಡರೆ 'ಮಕ್ಕಳ ಮೂಗು ಒರೆಸೋ ಕೆಲಸ, ಸುಖವಾಗಿದೀರಿ ಬಿಡಿ' ಎಂದು ಹಲ್ಲು ಕಿರಿಯುತ್ತಾರೆ. ಸೇವೆ ಹಳೆಯದಾದಂತೆಲ್ಲ ಮೇಲಿನ ತರಗತಿಗಳಿಗೆ ಹೋಗಬೇಕೆಂದು ಎಲ್ಲರೂ ಹಾತೊರೆಯುವ ಈ ಇಲಾಖೆಯಲ್ಲಿ, ಬೇಕೆಂದೇ, ಕೇಳಿ ಪಡೆದು, ಸೇವೆಯ ಮೊದಲ ದಿನದಿಂದ ಕೊನೆಯ ದಿನದವರೆಗೆ ಒಂದನೇ ತರಗತಿಯನ್ನು ಬಿಟ್ಟು ಕದಲದೆ, ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳ ಎರಡು ತಲೆಮಾರಿನ ಮಕ್ಕಳ ಕೈ ಹಿಡಿದು ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದವರು ಹಳೇಬೀಡಿನ ಶ್ರೀಮತಿ ಧರ್ಮಾವತಿಯವರು. ಎಳೆಯ ಮಕ್ಕಳ ಮನಸ್ಸಿನ ಬಗ್ಗೆ ನಮ್ಮ ಸೀಮೆಯಲ್ಲಿ ನಿಜವಾಗಿ ತಲೆ ಕೆಡಿಸಿಕೊಂಡ ಶಿಕ್ಷಕರಲ್ಲಿ ಅವರೇ ಮೊದಲಿಗರು ಎಂದು ನಾನು ಯಾವ ಸಭೆಯಲ್ಲಿ ಬೇಕಾದರೂ ಹೇಳಬಲ್ಲೆ. ಒಪ್ಪದವರು ನನ್ನ ಹತ್ತಿರ ಜಗಳಕ್ಕೆ ಬರಬಹುದು.

ಇಷ್ಟು ಜೋರಾಗಿ ಮಾತಾಡುವ ನಾನು ಇಂದುಧರ. ಅವರು ಕೊನೆಯ ಹದಿನೆಂಟು ವರ್ಷ ದುಡಿದ ಶಾಲೆಯಲ್ಲೇ ಏಳನೇ ತರಗತಿಗೆ ಗಣಿತ ಹೇಳಿಕೊಡುವವನು, ಸಿಡುಕನೆಂದು ಹೆಸರು ಪಡೆದವನು. ಅವರ ನಿವೃತ್ತಿಯ ಈ ಸಂದರ್ಭದಲ್ಲಿ ಅವರಿಗೆ ಅರ್ಪಿಸುವ ಅಭಿನಂದನ ಸಂಪುಟದ ಸಮಿತಿಯವರು ನನ್ನ ಬಳಿ ಬಂದು 'ಸಿಹಿಯಾದ ನೆನಪುಗಳನ್ನು ಎರಡು ಪುಟ ಬರೆದುಕೊಡಿ' ಎಂದರು. ಸಿಹಿ ಹಂಚಲು ಬೇರೆಯವರು ಬೇಕಾದಷ್ಟು ಮಂದಿ ಇದ್ದಾರೆ, ನಾನು ಬರೆದರೆ ಅವರ ಹಳೆಯ ವಿದ್ಯಾರ್ಥಿನಿ ಕೆಂಚಮ್ಮನ ವಿಷಯವನ್ನೇ ಬರೆಯುವುದು ಎಂದೆ. ಮೇಡಂ ಅವರ ಒಪ್ಪಿಗೆ ಕೇಳಲು ಹಳೇಬೀಡಿಗೆ ಹೋದಾಗ ಅವರು, "ಬರೆಯೋದಾದರೆ ನನ್ನ ತಪ್ಪನ್ನೂ ಬರೀಬೇಕು ಇಂದುಧರಪ್ಪನವರೇ. ಅದೊಂದನ್ನ ಬಿಟ್ಟು ಬರೆದರೆ ನಾನು ಆ ಪುಸ್ತಕಾನ ಕೈಯಲ್ಲೂ ಮುಟ್ಟೋದಿಲ್ಲ" ಎಂದರು. ಕೆಂಚಮ್ಮನನ್ನೂ ಕೇಳಿದೆ. "ಬರ್ಕಳಿ ಮೇಷ್ಟ್ರೇ, ನಂದೇನು" ಎಂದಳು. ಊರಿನ ಹೆಸರು ಮಾತ್ರ ಬೇಡ ಎಂದು ಅವಳ ಅಪ್ಪ ಕೇಳಿಕೊಂಡದ್ದರಿಂದ, ಹುಲಿಕೆರೆಯಾಚೆ ಜಾವಗಲ್ ಬಸ್ಸು ಹೋಗುವ ದಾರಿಯ ಒಂದು ಹಳ್ಳಿ ಎಂದಷ್ಟೇ ಹೇಳುತ್ತೇನೆ.

ಧರ್ಮಾವತಿಯವರು ಹುಟ್ಟಿದ್ದು ಹಳೇಬೀಡಿನ ಬಸದಿಗಳ ಹತ್ತಿರದ ಒಂದು ಜೈನ ಮನೆತನದಲ್ಲಿ. ತಂದೆ ಬ್ರಹ್ಮಪ್ಪನವರು ಕೊಬ್ಬರಿ ವ್ಯಾಪಾರಿಗಳು, ಮಗಳನ್ನು ಟ್ರೈನಿಂಗಿಗೆ ಕಳಿಸಿದ್ದಕ್ಕೆ ನೆಂಟರೆಲ್ಲ ಮೂಗು ಮುರಿದರೂ ಕಿವಿಯ ಮೇಲೆ ಹಾಕಿಕೊಳ್ಳದವರು. ಪತಿ ಪದ್ಮರಾಜಯ್ಯನವರು ಜಮೀನು ನೋಡಿಕೊಂಡಿದ್ದವರು, ಹೆಂಡತಿಯ ನೌಕರಿಯನ್ನು ತಮ್ಮ ಹೆಮ್ಮೆಯೆಂದು ತಿಳಿದವರು. ಮೊದಲು ಕಣಕಟ್ಟೆ, ಆಮೇಲೆ ಜಾವಗಲ್, ಅರವತ್ತೊಂಬತ್ತರಲ್ಲಿ ನಮ್ಮ ಶಾಲೆ. ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಊಟ ಮಾಡದ ಮನೆತನವಾದ್ದರಿಂದ ಆ ಬಸ್ಸು ತಪ್ಪಿದರೆ ಅವರಿಗೆ ಆ ದಿನ ಊಟವಿಲ್ಲ. ಯಾವುದಾದರೂ ಮಗು ಶಾಲೆಗೆ ಬಾರದಿದ್ದರೆ ಅದರ ಮನೆಗೆ ಹೋಗಿ ವಿಚಾರಿಸದೆ ಊರು ಬಿಡುತ್ತಿರಲಿಲ್ಲ, ಬಸ್ಸು ತಪ್ಪುತ್ತಿತ್ತು, ಬರಿಹೊಟ್ಟೆಯಲ್ಲಿ ಮಲಗುತ್ತಿದ್ದರು. ಇದನ್ನು ಅವರು ಬಾಯಿ ತಪ್ಪಿಯೂ ಯಾರಿಗೂ ಹೇಳಿದವರಲ್ಲ, ಪದ್ಮರಾಜಯ್ಯನವರು ಒಮ್ಮೆ ನನ್ನ ಮೇಲೆ ರೇಗಿದಾಗ ಗೊತ್ತಾಯಿತು.

ಎಪ್ಪತ್ತೈದರ ಜೂನ್‌ನಲ್ಲಿ ತಿಮ್ಮಕ್ಕನೆಂಬ ಅಜ್ಜಿ ಆರು ವರ್ಷದ ಮೊಮ್ಮಗಳನ್ನು ಕರೆತಂದು ಒಂದನೇ ತರಗತಿಗೆ ಸೇರಿಸಿದಳು. ಅವಳೇ ಕೆಂಚಮ್ಮ. ತಂದೆ ಪುಟ್ಟಯ್ಯನಿಗೆ ಊರ ಹೊರಗೆ ತೆಂಗಿನ ತೋಟವಿತ್ತು. ತಾಯಿ ಎಲ್ಲಿ ಎಂದು ಕೇಳಿದ್ದಕ್ಕೆ ಅಜ್ಜಿ ಮಗುವಿನ ಎದುರಿಗೇ "ಕಣಕಟ್ಟೆ ಕಡೆ ತವರಿಗೆ ಹೋಗವ್ಳೆ ಕಣವ್ವ" ಎಂದಳು. ಗಂಡಹೆಂಡಿರ ಜಗಳವಿರಬೇಕೆಂದು ಮೇಡಂ ಮುಂದೆ ಕೆದಕಲಿಲ್ಲ.

ಆ ಕಾಲದ ನಮ್ಮ ಶಾಲೆಗಳಲ್ಲಿ ಶಿಸ್ತು ಎಂದರೆ ಒಂದೇ. ಕೈ ಕಟ್ಟು, ಬಾಯಿ ಮುಚ್ಚು, ಅಲುಗಾಡಬೇಡ. ಐವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ತುಂಬಿ ಒಬ್ಬರ ಕೈಗೆ ಕೊಟ್ಟ ಮೇಲೆ ಇನ್ನೇನು ಮಾಡಲಾಗುತ್ತದೆ ಎನ್ನುವವರ ಜೊತೆ ನಾನು ಜಗಳವಾಡಲಾರೆ, ನಾನೂ ಅದನ್ನೇ ಮಾಡಿದವನು. ಉಳಿದ ಮಕ್ಕಳಿಗೆ ಕೈ ಕಟ್ಟಿ ಕೂರುವುದು ಒಂದು ಹಿಂಸೆ, ಕಾಲು ಕೆರೆಯುತ್ತಾರೆ, ಪಕ್ಕದವನ ಬಳಪ ಕದಿಯುತ್ತಾರೆ, ಒಂದಕ್ಕೆ ಹೋಗಬೇಕೆಂದು ಬೆರಳೆತ್ತುತ್ತಾರೆ. ಕೆಂಚಮ್ಮ ಮಾತ್ರ ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯವರೆಗೆ, ಕೂರು ಎಂದು ತೋರಿಸಿದ ಜಾಗದಲ್ಲಿ, ಕೂತ ಹಾಗೆಯೇ ಕೂತಿರುತ್ತಿದ್ದಳು. ಮುಖದ ಮೇಲೆ ನೊಣ ಕೂತರೂ ಕೈ ಎತ್ತುತ್ತಿರಲಿಲ್ಲ. ಮೇಡಂ ಅವರಿಗೆ ಸಂತೋಷವಾಯಿತು. ಅವಳನ್ನು ಮುಂದಿನ ಸಾಲಿಗೆ ತಂದು ಕೂರಿಸಿ, "ನೋಡ್ರೋ, ಕೂತ್ಕೊಂಡ್ರೆ ನಮ್ಮ ಕೆಂಚಮ್ಮನ ಹಾಗೆ ಕೂತ್ಕೋಬೇಕು" ಎಂದು ಎಲ್ಲರಿಗೂ ತೋರಿಸಿದರು. ತನಿಖೆಗೆ ಬಂದ ಸಾಹೇಬರು ಆ ಮಗುವಿನ ಕೆನ್ನೆ ತಟ್ಟಿ, ಶಿಸ್ತೆಂದರೆ ಇದು ಎಂದು ಹೊಗಳಿ ಹೋದರು. ಬರೆಯಲೇಬೇಕೆಂದು ಮೇಡಂ ಹಟ ಹಿಡಿದ ತಪ್ಪು ಇದೇ. ಒಂದಲ್ಲ, ಎರಡೂ ಮುಕ್ಕಾಲು ವರ್ಷ ಅವರು ಆ ಮಗುವನ್ನು ಕೂತದ್ದಕ್ಕಾಗಿ ಹೊಗಳಿದರು.

ಕಲಿಕೆ ಮಾತ್ರ ಸೊನ್ನೆ. ಇವತ್ತು 'ಅ' ತಿದ್ದಿಸಿದರೆ ನಾಳೆ ಅದನ್ನು ಮೊದಲ ಸಲ ನೋಡುವವಳ ಹಾಗೆ ನೋಡುತ್ತಿದ್ದಳು. 'ಸ್ಲೇಟು ಒರೆಸಿ ಚೀಲದಲ್ಲಿಡು' ಎಂದರೆ ಒರೆಸಿ ನಿಲ್ಲುತ್ತಿದ್ದಳು, ಎರಡನೇ ಮಾತು ತಲೆಯಲ್ಲಿ ಉಳಿದಿರುತ್ತಿರಲಿಲ್ಲ. ಒಂದು ಪ್ರಶ್ನೆ ಕೇಳಿದವಳಲ್ಲ, ಒಂದು ಆಟಕ್ಕೆ ಹೋದವಳಲ್ಲ. ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳಿದರೆ ಮಾತ್ರ ಕಣ್ಣು ಕಿಟಕಿಯ ಕಡೆಗೆ ಹೋಗುತ್ತಿತ್ತು, ಮೈ ಅಲ್ಲಾಡುತ್ತಿರಲಿಲ್ಲ. ಒಂದನೇ ತರಗತಿಯಲ್ಲೇ ಎರಡು ಸಲ ಉಳಿದಳು, ಮೂರನೇ ವರ್ಷವೂ ಅದೇ ಗತಿಯಾಗುವಂತೆ ಕಂಡಾಗ ನಮ್ಮ ಹೆಡ್‌ಮಾಸ್ಟರು ಸಿದ್ದಬಸಪ್ಪನವರು, "ಆ ಮಗೂಗೆ ತಲೇಲಿ ಏನೂ ಇಲ್ಲ ಕಣ್ರೀ. ಸುಮ್ಮನೆ ಯಾಕೆ ಕಷ್ಟ ಪಡ್ತೀರಿ, ಹೆಸರು ತೆಗೆದುಬಿಡಿ" ಎಂದರು. ಅಷ್ಟರಲ್ಲಿ ಪುಟ್ಟಯ್ಯ ಇನ್ನೊಂದು ಮದುವೆಯಾಗಿದ್ದ. ಅವನೂ ಬಂದು, ಈ ಬೇಸಿಗೆಗೆ ಪಾಸಾಗದಿದ್ದರೆ ಹುಡುಗಿಯನ್ನು ಜಾವಗಲ್ಲಿನ ನೆಂಟರ ಮನೆಗೆ ದನ ಕಾಯಲು ಕಳಿಸುತ್ತೇನೆ ಎಂದು ಹೇಳಿ ಹೋದ. ಹಾಗೆ ಹೋದ ಹೆಣ್ಣುಮಕ್ಕಳು ಮತ್ತೆ ಸ್ಲೇಟು ಹಿಡಿದದ್ದನ್ನು ನಾವು ಯಾರೂ ಕಂಡವರಲ್ಲ. ಮೇಡಂ ಅವರಿಗೆ ಮೂರು ತಿಂಗಳು ಉಳಿದಿತ್ತು.

ಶಾಲೆಯ ಅಂಗಳದ ಅರಳಿಮರದಲ್ಲಿ ಆ ವರ್ಷ ಹೆಜ್ಜೇನು ಕಟ್ಟಿತ್ತು. ಜವರಯ್ಯನೆಂಬ ಊರಿನವನೊಬ್ಬ ಹೊಗೆ ಹಾಕಿ ಎಬ್ಬಿಸುತ್ತೇನೆಂದು ಪಂಜು ಕಟ್ಟಿಕೊಂಡು ಬಂದಾಗ ಮೇಡಂ ತಡೆದಿದ್ದರು. ಸಂಜೆ ಕಳೆದು ತಿಂದರೆ ದೀಪದ ಹುಳ ಬಾಯಿಗೆ ಬಿದ್ದೀತೆಂದು ಹೆದರುವವರು ಅಷ್ಟು ಜೀವ ಸುಡಲು ಬಿಟ್ಟಾರೆಯೇ! ಎಪ್ಪತ್ತೆಂಟರ ಫೆಬ್ರವರಿಯ ಒಂದು ಮಧ್ಯಾಹ್ನ, ಹದ್ದು ಬಡಿಯಿತೋ ಏನೋ, ಹುಟ್ಟಿಗೆ ಹುಟ್ಟೇ ಎದ್ದಿತು. ಆ ಗಳಿಗೆಯಲ್ಲಿ ಮೇಡಂ ಸೀಮೆಸುಣ್ಣ ತರಲೆಂದು, ಎಂದಿನ ಹಾಗೆ "ಇಲ್ಲೇ ಕೂತಿರಿ, ಅಲ್ಲಾಡಬೇಡಿ, ಬರ್ತೀನಿ" ಎಂದು ಮಕ್ಕಳಿಗೆ ಹೇಳಿ ಹೆಡ್‌ಮಾಸ್ಟರ ಕೋಣೆಗೆ ಬಂದಿದ್ದರು. ನಾನೂ ಅಲ್ಲೇ ಇದ್ದೆ. ಹೊರಗೆ ಮಕ್ಕಳ ಚೀರಾಟ. ಸಿಕ್ಕ ಸಿಕ್ಕ ಕಡೆ ಓಡಿದರು, ಲಂಟಾನ ಪೊದೆಗೆ ನುಗ್ಗಿದರು, ಹತ್ತಿರದ ಮನೆಗಳಿಗೆ ಹೊಕ್ಕರು. ನಾವು ಬಾಗಿಲು ಹಾಕಿಕೊಂಡು ಕಿಟಕಿಯಿಂದ ನೋಡಿದರೆ, ಎದುರಿಗಿನ ಒಂದನೇ ತರಗತಿಯ ತೆರೆದ ಬಾಗಿಲೊಳಗೆ, ಖಾಲಿ ಕೋಣೆಯ ಮುಂದಿನ ಸಾಲಿನಲ್ಲಿ, ಕೆಂಚಮ್ಮ ಒಬ್ಬಳೇ ಕೈ ಕಟ್ಟಿ ಕೂತಿದ್ದಳು. ತಲೆಯ ಮೇಲೆ, ಕುತ್ತಿಗೆಯ ಮೇಲೆ ಹುಳ ಕವಿದಿತ್ತು.

ನಾನು ಹೌಹಾರಿ ನಿಂತಿದ್ದೆ. ಮೇಡಂ ಮೇಜಿನ ಮೇಲಿದ್ದ ಜಮಖಾನೆಯನ್ನು ಸೆಳೆದುಕೊಂಡು ಓಡಿಯೇಬಿಟ್ಟರು, ಮಗುವನ್ನು ಅದರಲ್ಲಿ ಸುತ್ತಿ ಎತ್ತಿಕೊಂಡು ಬಂದರು. ಅವರ ಮುಖವೂ ಊದಿಕೊಂಡಿತ್ತು. ಜಮಖಾನೆ ಬಿಚ್ಚಿದರೆ ಮಗುವಿನ ಕೈಗಳು ಇನ್ನೂ ಕಟ್ಟಿಕೊಂಡೇ ಇದ್ದವು, ಬಿಡಿಸಲು ನಾನು ಒಂದೊಂದೇ ಬೆರಳು ಹಿಡಿದು ಎತ್ತಬೇಕಾಯಿತು. ಅಳು ಇಲ್ಲ, ನರಳಾಟ ಇಲ್ಲ. ಹಳೇಬೀಡಿನ ಆಸ್ಪತ್ರೆಯಲ್ಲಿ ಮುಳ್ಳುಗಳನ್ನು ಕೀಳುತ್ತಿದ್ದಾಗ, ಕಣ್ಣು ಮುಚ್ಚುವಷ್ಟು ಬಾತುಕೊಂಡಿದ್ದ ಆ ಮಗು ಮೇಡಂ ಇದ್ದ ಕಡೆ ತಿರುಗಿ, "ಟೀಚರ್, ನಾ ಅಲ್ಲಾಡ್ನಿಲ್ಲ" ಎಂದಿತು.

ಅಯ್ಯೋ, ಆ ಮಾತು! ಮೇಡಂ ಗೋಡೆಗೆ ಒರಗಿ ನಿಂತುಬಿಟ್ಟರು. ಅಲ್ಲಿಗೆ ಓಡಿಬಂದಿದ್ದ ತಿಮ್ಮಕ್ಕನ ತೋಳು ಹಿಡಿದು ಹೊರಗೆ ಕರೆದೊಯ್ದು, "ಈ ಮಗೂಗೆ ಏನಾಗಿದೆ, ನನ್ನ ಹತ್ರ ಮುಚ್ಚಿಡಬೇಡಿ" ಎಂದು ಕೇಳಿದರು.

ಆಗ ಹೊರಬಿತ್ತು. ಆರು ವರ್ಷದ ಹಿಂದೆ, ಮಗುವಿಗೆ ಮೂರು ತುಂಬಿ ಸ್ವಲ್ಪ ದಿನವಾಗಿದ್ದಾಗ, ತಾಯಿ ಅದನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಬಾವಿಯ ಪಕ್ಕದ ತೆಂಗಿನ ಬುಡದಲ್ಲಿ ಕೂರಿಸಿ, "ಇಲ್ಲೇ ಕೂತಿರವ್ವ, ಅಲ್ಲಾಡ್ಬ್ಯಾಡ, ಬತ್ತೀನಿ" ಎಂದು ಹೇಳಿದಳು. ಹೇಳಿ ಬಾವಿಗೆ ಬಿದ್ದಳು. ಕಾಲು ಜಾರಿತೆಂದು ಮನೆಯವರು ಹೇಳುತ್ತಿದ್ದರು, ಊರಿನವರು ಬೇರೆ ಹೇಳುತ್ತಿದ್ದರು. ಬೆಳಗ್ಗೆ ಕೂತ ಮಗು, ಸಂಜೆ ಹುಡುಕಿಕೊಂಡು ಹೋದವರಿಗೆ ಅದೇ ಬುಡದಲ್ಲಿ, ಒಂದಕ್ಕೂ ಏಳದೆ ಒದ್ದೆಯಾಗಿ, ಕೂತೇ ಸಿಕ್ಕಿತು. "ಬಾರವ್ವ ಅಂದ್ರೂ ಬರ್ನಿಲ್ಲ ಕಣವ್ವ. ಅವ್ವ ಬತ್ತೀನಿ ಅಂದವ್ಳೆ, ಅಲ್ಲಾಡ್ಬ್ಯಾಡ ಅಂದವ್ಳೆ ಅಂತಿತ್ತು. ಅವ್ವ ಬಸ್ಸತ್ತಿ ತವರಿಗೆ ಹೋದ್ಲು, ಬತ್ತಾಳೆ ಅಂತ ಹೇಳಿ ಎತ್ಕೊಂಡ್ ಬಂದ್ವಿ. ಹೆಣ ತೋರಿಸ್ನಿಲ್ಲ" ಎಂದು ತಿಮ್ಮಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಎಳೆಯ ಮಕ್ಕಳಿಗೆ ಸಾವನ್ನು ತೋರಿಸಬಾರದು, ಊರಿಗೆ ಹೋಗಿದ್ದಾರೆ ಎನ್ನಬೇಕು, ನಾಲ್ಕು ದಿನಕ್ಕೆ ತಾವೇ ಮರೆಯುತ್ತವೆ ಎಂಬುದು ನಮ್ಮ ಕಡೆಯ ವಾಡಿಕೆ. ಯಾವ ಕೆಟ್ಟ ಮನಸ್ಸಿನಿಂದಲೂ ಹೇಳಿದ್ದಲ್ಲ. ಆದರೆ ಆ ಮಗು ಮರೆತಿರಲಿಲ್ಲ, ತಾಯಿ ಒಪ್ಪಿಸಿದ ಕೆಲಸವನ್ನು ಆರು ವರ್ಷವೂ ಚಾಚೂ ತಪ್ಪದೆ ಮಾಡುತ್ತಿತ್ತು. ಅಲುಗಾಡಿದರೆ ಅವ್ವ ಬರುವುದಿಲ್ಲ ಎಂದು ಅದು ಯಾರಿಗೂ ಹೇಳದೆ ಲೆಕ್ಕ ಹಾಕಿಕೊಂಡಿತ್ತು. ನಾವು ಅದಕ್ಕೆ ಶಿಸ್ತು ಎಂದು ಹೆಸರಿಟ್ಟಿದ್ದೆವು.

ನಿಜ ಹೇಳಿಬಿಡಬೇಕೆಂದು ಮೇಡಂ ನಿರ್ಧರಿಸಿದರು. ಹೇಳುವುದು ಅವರ ಹಕ್ಕಲ್ಲ ಎಂದು ಎಲ್ಲರೂ ನಿರ್ಧರಿಸಿದರು. ಊರ ಹಿರಿಯ ಕರಿಯಪ್ಪನವರು ಬಂದು, ಸತ್ತವಳ ಸುದ್ದಿ ಎತ್ತಿದರೆ ಪೊಲೀಸು ಕಚೇರಿ ಎಂದು ಹಳೆಯದೆಲ್ಲ ಕೆದಕಿದಂತಾಗುತ್ತದೆಂದು ಬೆದರಿಸಿದರು. ಹೆಡ್‌ಮಾಸ್ಟರು ವರ್ಗಾವಣೆಯ ಮಾತೆತ್ತಿದರು. ಪುಟ್ಟಯ್ಯನ ಮನೆಗೆ ಮೇಡಂ ವಾರ ವಾರವೂ ಹೋದರು, ಪ್ರತಿ ಸಲವೂ ಅವನು ಬೆನ್ನು ತಿರುಗಿಸಿ ತೋಟಕ್ಕೆ ನಡೆದ. ಏಪ್ರಿಲ್ ಬಂತು, ಪರೀಕ್ಷೆ ಮುಗಿಯಿತು, ಕೆಂಚಮ್ಮ ಮತ್ತೆ ಉಳಿದಳು, ಜಾವಗಲ್ಲಿಗೆ ಕಳಿಸುವ ದಿನ ಗೊತ್ತಾಯಿತು. ಅದರ ಹಿಂದಿನ ದಿನ ತಿಮ್ಮಕ್ಕ ತಾನೇ ಶಾಲೆಗೆ ಬಂದು ನಿಂತು, "ನಡೀರವ್ವ, ಮಗೀಗೆ ಹೇಳಾನ. ಆಗಿದ್ದಾಗ್ಲಿ" ಎಂದಳು.

ಬಾವಿಯ ಹತ್ತಿರ ಹೋದವರು ಮೇಡಂ, ತಿಮ್ಮಕ್ಕ, ಮಗು, ಮತ್ತು ನಾನು. ಪುಟ್ಟಯ್ಯ ಜಗಳಕ್ಕೆ ಬಂದರೆ ಒಬ್ಬ ಗಂಡಸು ಇರಲಿ ಎಂದು ನನ್ನನ್ನು ಕರೆದಿದ್ದರು. ನನ್ನ ಕೈಯಲ್ಲಿ ಒಂದು ಕೊಡೆ ಬಿಟ್ಟರೆ ಬೇರೆ ಆಯುಧವಿರಲಿಲ್ಲ, ಅದೂ ಬಿಚ್ಚಿದರೆ ಮುಚ್ಚದ ಕೊಡೆ. ಪಂಪ್ ಮನೆಯ ಹತ್ತಿರ ನಿಂತೆ. ಮಗು ಆ ತೆಂಗಿನ ಬುಡಕ್ಕೆ ಹೋಗಿ, ಯಾರೂ ಹೇಳದೆ, ಕೂತುಕೊಂಡು ಕೈ ಕಟ್ಟಿತು. ಮೇಡಂ ಅದರ ಎದುರಿಗೆ ನೆಲದ ಮೇಲೆ ಕೂತರು. ಹೇಗೆ ಶುರು ಮಾಡಬೇಕೆಂದು ತಿಳಿಯದೆ ಒದ್ದಾಡಿ, ಕೊನೆಗೆ ನೇರವಾಗಿಯೇ ಹೇಳಿದರು:

"ಮಗಾ, ನಿಮ್ಮಮ್ಮ ಊರಿಗೆ ಹೋಗಲಿಲ್ಲ. ಇದೇ ಬಾವೀಲಿ ಸತ್ತುಹೋದರು. ಅವರಿಗೆ ಬರೋಕೆ ಆಗಲ್ಲ. ನೀನು ಏನೂ ತಪ್ಪು ಮಾಡಿಲ್ಲ, ಹೇಳಿದ ಹಾಗೇ ಕೂತಿದ್ದೆ. ಆದರೂ ಅವರು ಬರಲ್ಲ."

ಮಗು ಬಾವಿಯನ್ನು ನೋಡಿತು. ಅಜ್ಜಿಯ ಮುಖ ನೋಡಿತು. ತಿಮ್ಮಕ್ಕ ಹೌದೆಂದು ತಲೆಯಾಡಿಸಿದಳು. ಆಮೇಲೆ ಕೇಳಿತು, "ಹಂಗಾರೆ ನಾ ಎದ್ದೇಳ್ಬೋದಾ, ಟೀಚರ್?"

ನಾನು ಕೊಡೆಯನ್ನು ಅಲ್ಲೇ ಬಿಟ್ಟು ಪಂಪ್ ಮನೆಯ ಹಿಂದಕ್ಕೆ ಹೋದೆ. ಇದಕ್ಕಿಂತ ಹೆಚ್ಚು ಆ ದಿನದ ಬಗ್ಗೆ ನನ್ನಿಂದ ಬರೆಯಲಾಗದು.

ಮರುದಿನ ಬೆಳಗ್ಗೆ ಪುಟ್ಟಯ್ಯ ಶಾಲೆಗೆ ನುಗ್ಗಿದ. "ನಮ್ಮನೆ ವಿಚಾರ ನಿಮಗ್ಯಾಕ್ರೀ ಮೇಡಂ? ರಾತ್ರಿಯೆಲ್ಲ ಅತ್ತು ಅತ್ತು ಮಗೀಗೆ ಜ್ವರ ಬಂದೈತೆ, ಗೊತ್ತಾ? ಆರು ವರ್ಸದಿಂದ ಒಂದು ದಿನ ಅತ್ತಿರ್ನಿಲ್ಲ ಅದು!" ಎಂದು ಕೂಗಿದ. ಮೇಡಂ ಎದ್ದು ನಿಂತು, "ಅದೇ ಪುಟ್ಟಯ್ಯನವರೇ, ಆರು ವರ್ಷದಿಂದ ಅತ್ತಿರಲಿಲ್ಲ" ಎಂದರು. ಅವನು ಇನ್ನೇನೋ ಹೇಳಲು ಬಾಯಿ ತೆರೆದವನು ಹಾಗೆಯೇ ಹೊಸ್ತಿಲ ಮೇಲೆ ಕುಸಿದು ಕೂತ. "ಬತ್ತಾಳೆ, ಬತ್ತಾಳೆ ಅಂತ ಮಗೀಗೆ ಹೇಳಿ ಹೇಳಿ, ನಂಗೂ ಹಂಗೇ ಅನ್ನುಸ್ತಿತ್ತು ಕಣ್ರವ್ವ" ಎಂದು, ಮಕ್ಕಳೆಲ್ಲ ನೋಡುತ್ತಿರುವಂತೆಯೇ ಗೊಳೋ ಎಂದು ಅತ್ತ. ಹುಡುಗಿಯನ್ನು ಜಾವಗಲ್ಲಿಗೆ ಕಳಿಸಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಸಮಿತಿಯವರಿಗೆ ಬೇಕಾದ ಲೇಖನವಾಗುತ್ತಿತ್ತು. ಆದರೆ ನಡೆದದ್ದು ಹಾಗಲ್ಲ. ಮಗು ಇನ್ನು ಚಿಗುರಿಕೊಳ್ಳುತ್ತದೆ, ಕಳೆದದ್ದನ್ನೆಲ್ಲ ಒಂದೇ ವರ್ಷದಲ್ಲಿ ಕಲಿತುಬಿಡುತ್ತದೆ ಎಂದು ನಾವು ನಂಬಿದೆವು. ಕೆಂಚಮ್ಮ ಓಡಾಡಿದಳು, ಜಗಳವಾಡಿದಳು, ಬಳಪ ಕದ್ದು ನನ್ನ ಕೈಯಲ್ಲಿ ಬೈಸಿಕೊಂಡಳು. ಬೈದು ನನಗೆ ಎಷ್ಟು ಸಂತೋಷವಾಯಿತೆಂದರೆ ಇನ್ನೊಂದು ಬಳಪ ಕೊಟ್ಟೆ. ಆದರೆ ಅಕ್ಷರ ನಿಲ್ಲಲಿಲ್ಲ. ಹತ್ತು ದಿನ ತಿದ್ದಿದ ಅಕ್ಷರ ಹನ್ನೊಂದನೇ ದಿನ ಹೋಗಿರುತ್ತಿತ್ತು. ಲೆಕ್ಕವಂತೂ ಇಪ್ಪತ್ತರಾಚೆ ಹೆಜ್ಜೆ ಇಡಲಿಲ್ಲ. ಗಣಿತದ ಮೇಷ್ಟ್ರು ಎಂಬ ಹಮ್ಮಿನಿಂದ ನಾನೇ ಎರಡು ವರ್ಷ ಹುಣಿಸೇಬೀಜ ಹಿಡಿದು ಕೂತೆ, ಸೋತೆ. ಬೆನ್ನ ಹಿಂದೆ ಯಾರಾದರೂ ಜೋರಾಗಿ ಕೂಗಿದರೆ ಕಲಿತದ್ದೆಲ್ಲ ಒರೆಸಿ ಹೋಗಿ ಮುಖ ಮತ್ತೆ ಮೊದಲಿನ ಹಾಗೆ ಕಲ್ಲಾಗುತ್ತಿತ್ತು.

ಎಪ್ಪತ್ತೊಂಬತ್ತರಲ್ಲಿ ಮೇಡಂ ಅವಳನ್ನು ಮೈಸೂರಿಗೆ, ಮಕ್ಕಳ ಮನಸ್ಸಿನ ಚಿಕಿತ್ಸೆ ಬಲ್ಲ ಒಬ್ಬ ವೈದ್ಯರ ಹತ್ತಿರ ಕರೆದೊಯ್ದರು. ತಿಮ್ಮಕ್ಕನೊಂದಿಗೆ ನಾನೂ ಹೋಗಿದ್ದೆ. ಅವರು ಮಗುವಿನ ಜೊತೆ ಬಹಳ ಹೊತ್ತು ಆಟವಾಡಿ, ಆಮೇಲೆ ನಮ್ಮನ್ನು ಕೂರಿಸಿಕೊಂಡು ಸಮಾಧಾನವಾಗಿ ಹೇಳಿದರು. "ನೋಡಿ ಅಮ್ಮ, ಮನೆಗೆ ಕಳ್ಳ ನುಗ್ಗಿದ ಹೊತ್ತಿನಲ್ಲಿ ಯಾರಾದರೂ ಕೂತು ಮಗ್ಗಿ ಕಲೀತಾರಾ? ಕಿವಿ ಬಾಗಿಲ ಕಡೆ ಇರುತ್ತೆ, ಜೀವ ಕೈಲಿರುತ್ತೆ. ಈ ಮಗುವಿಗೆ ಮೂರನೇ ವರ್ಷದಿಂದ ಒಂಬತ್ತನೇ ವರ್ಷದವರೆಗೆ ಎಲ್ಲಾ ಹೊತ್ತೂ ಅದೇ ಹೊತ್ತು. ನೆನಪಿಟ್ಟುಕೊಳ್ಳೋದು, ಎರಡು ವಿಷಯ ಕೂಡಿಸಿ ಯೋಚಿಸೋದು, ಗಮನ ನಿಲ್ಲಿಸೋದು, ಇವೆಲ್ಲ ಬಲಿಯೋ ವಯಸ್ಸೇ ಅದು. ಆ ಶಕ್ತಿಯೆಲ್ಲ ಕಾವಲಿಗೆ ಖರ್ಚಾಗಿಹೋಗಿದೆ. ಮಗು ದಡ್ಡಿಯಾಗಿ ಹುಟ್ಟಿದ್ದಲ್ಲ. ಕಲಿಸಿ, ಕಲೀತಾಳೆ. ಎಲ್ಲಾ ವಾಪಸು ಬರುತ್ತೆ ಅಂತ ಮಾತ್ರ ನಾನು ಹೇಳಲಾರೆ."

"ಆರನೇ ವರ್ಷದಲ್ಲೇ ಕರ್ಕೊಂಡು ಬಂದಿದ್ದರೆ?" ಎಂದು ಮೇಡಂ ಕೇಳಿದರು.

ವೈದ್ಯರು, "ಹೇಳೋದು ಕಷ್ಟ. ಇನ್ನೂ ಸ್ವಲ್ಪ ಹೆಚ್ಚು ಸಿಗ್ತಿತ್ತೇನೋ" ಎಂದರು.

ಮೈಸೂರಿನಿಂದ ಹಳೇಬೀಡಿನವರೆಗೆ ಕೆಂಚಮ್ಮ ಮೇಡಂ ಅವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಬಸ್ಸು ಇಳಿಯುವಾಗ, "ಆ ಮೂರು ವರ್ಷ ನನ್ನ ಕೈಲಿತ್ತು ಇಂದುಧರಪ್ಪನವರೇ" ಎಂದರು, ಅಷ್ಟೆ. ಸಮಾಧಾನ ಹೇಳಲು ಹೋಗಿ ನಾನು ಬೈಸಿಕೊಂಡೆ. ಅವರು ನನ್ನನ್ನು ಬೈದದ್ದು ಅದೊಂದೇ ಸಲ.

ಅಲ್ಲಿಂದ ಎಂಟು ವರ್ಷ ಧರ್ಮಾವತಿಯವರು ಮಾಡಿದ ಕೆಲಸಕ್ಕೆ ಇಲಾಖೆಯಲ್ಲಿ ಹೆಸರಿಲ್ಲ. ಅವರ ತರಗತಿಯಲ್ಲಿ ಕೈ ಕಟ್ಟುವುದು ನಿಂತುಹೋಯಿತು. ಗದ್ದಲ ನಮ್ಮ ತರಗತಿಯವರೆಗೆ ಕೇಳುತ್ತಿತ್ತು, ತನಿಖೆಗೆ ಬಂದ ಇನ್ನೊಬ್ಬ ಸಾಹೇಬರು ಸಂತೆಯೇ ಎಂದು ಸಿಟ್ಟಾದರು, ಇವರು ಹೌದೆಂದರು. ಪ್ರತಿ ಜೂನ್‌ನಲ್ಲಿ ಹೊಸದಾಗಿ ಸೇರಿದ ಒಂದೊಂದು ಮಗುವಿನ ಮನೆಗೂ ಹೋಗಿ, ರಾತ್ರಿ ಯಾರ ಪಕ್ಕ ಮಲಗುತ್ತೆ, ಯಾರನ್ನು ಕಂಡರೆ ಬೆಚ್ಚುತ್ತೆ, ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದಾರೆಯೇ ಎಂದು ಕೇಳಿ ತಿಳಿಯುತ್ತಿದ್ದರು. ಗಲಾಟೆ ಮಾಡುವ ಮಗುವಿನ ಬಗ್ಗೆ ಅವರು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ತೀರ ಒಳ್ಳೆಯ ಮಗುವನ್ನು ಕಂಡರೆ ನಿದ್ದೆಗೆಡುತ್ತಿದ್ದರು. ಕುಡಿದು ಬಂದು ಹೊಡೆಯುವ ಅಪ್ಪನೊಬ್ಬನ ಮನೆಯ ಜಗಲಿಯ ಮೇಲೆ, ಅವನು ಬರುವ ಹೊತ್ತಿಗೆ ಸರಿಯಾಗಿ, ಒಂದು ತಿಂಗಳು ಹೋಗಿ ಕೂತರು. ಅವನು ನಾಚಿಕೆಗೆ ಕೈ ಎತ್ತುವುದನ್ನು ಬಿಟ್ಟ, ಕುಡಿಯುವುದನ್ನೇನೂ ಬಿಡಲಿಲ್ಲ. ಆ ಮಗು ಈಗ ಹೈಸ್ಕೂಲಿನಲ್ಲಿದೆ. ಎಲ್ಲವೂ ಹಾಗೆ ನೆಟ್ಟಗಾಗಲಿಲ್ಲ, ಕೆಲವು ಮಕ್ಕಳು ಅವರ ಕೈಗೂ ಸಿಗದೆ ಹೋದವು.

ಕೆಂಚಮ್ಮನಿಗೆ ಮಾತ್ರ ದಿನಕ್ಕೊಂದು ಗಂಟೆ ತಪ್ಪಲಿಲ್ಲ. ಎಂಬತ್ತನಾಲ್ಕರಲ್ಲಿ, ಹದಿನೈದನೇ ವಯಸ್ಸಿನಲ್ಲಿ, ತನಗಿಂತ ಗೇಣುದ್ದ ಗಿಡ್ಡ ಮಕ್ಕಳ ಜೊತೆ ಕೂತು ಅವಳು ನಾಲ್ಕನೇ ತರಗತಿ ಪಾಸು ಮಾಡಿ ಶಾಲೆ ಬಿಟ್ಟಳು. ಬಸ್ಸಿನ ಬೋರ್ಡು ಓದುತ್ತಾಳೆ, ಬೆರಳಿಟ್ಟುಕೊಂಡು ತಪ್ಪು ತಪ್ಪಾಗಿ ಪೇಪರಿನ ತಲೆಬರಹ ಓದುತ್ತಾಳೆ. ಸಂತೆಗೆ ಒಬ್ಬಳನ್ನೇ ಕಳಿಸುವ ಹಾಗಿಲ್ಲ. ಅವಳ ವಾರಿಗೆಯ ಹುಡುಗಿಯೊಬ್ಬಳು ಈಗ ಟ್ರೈನಿಂಗಿಗೆ ಸೇರಿದ್ದಾಳೆ. ಅವಳನ್ನು ಕಂಡಾಗಲೆಲ್ಲ ನನಗೆ ಕೆಂಚಮ್ಮನ ಲೆಕ್ಕವೇ ನೆನಪಾಗಿ ಹೊಟ್ಟೆ ಉರಿಯುತ್ತದೆ. ಯಾರ ಮೇಲೆ ಸಿಟ್ಟಾಗಬೇಕೆಂಬುದು ಇವತ್ತಿಗೂ ತಿಳಿಯುವುದಿಲ್ಲ.

ಆಯುರಾರೋಗ್ಯ ಕೋರಿ ಮುಗಿಸುವ ಮುಂಚೆ ಒಂದು ಸಾವಿನ ಮನೆಯ ವಿಷಯ ಹೇಳಬೇಕು, ಮಂಗಳದ ಪುಸ್ತಕದಲ್ಲಿ ಇದೇಕೆ ಎಂದು ಯಾರೂ ಅನ್ನಬಾರದು. ಹೋದ ವರ್ಷ ತಿಮ್ಮಕ್ಕ ತೀರಿಕೊಂಡಳು. ಮೇಡಂ ಮತ್ತು ನಾನು ಹೋದಾಗ ಅಜ್ಜಿಯನ್ನು ಜಗಲಿಯ ಮೇಲೆ ಮಲಗಿಸಿದ್ದರು, ಕೆಂಚಮ್ಮ ಕಂಬಕ್ಕೆ ಒರಗಿ ಕೂತಿದ್ದಳು. ಪುಟ್ಟಯ್ಯನ ಎರಡನೇ ಹೆಂಡತಿಗೆ ದೇವೀರಮ್ಮ ಎಂಬ ನಾಲ್ಕು ವರ್ಷದ ಮಗಳಿದ್ದಾಳೆ, ಹುಟ್ಟಿದಾಗಿನಿಂದ ಅಜ್ಜಿಯ ಮಗ್ಗುಲಲ್ಲೇ ಮಲಗಿ ಬೆಳೆದವಳು. ಅವಳು ಕಾಣಲಿಲ್ಲ. ಪಕ್ಕದ ಮನೆಯಲ್ಲಿ ಬಿಟ್ಟಿದ್ದೇವೆ, ಅಜ್ಜಿ ಆಸ್ಪತ್ರೆಗೆ ಹೋಗಿದ್ದಾಳೆ, ನಾಳೆ ಬರುತ್ತಾಳೆ ಎಂದಿದ್ದೇವೆ ಎಂದು ಆ ತಾಯಿ ಯಾರಿಗೋ ಹೇಳಿದ್ದು ನಮ್ಮ ಕಿವಿಗೆ ಬಿತ್ತು. ಮೇಡಂ ಏಳಲು ಹೊರಟರು. ಅವರಿಗಿಂತ ಮೊದಲು ಕೆಂಚಮ್ಮ ಎದ್ದಿದ್ದಳು.

ಪಕ್ಕದ ಮನೆಯಿಂದ ತಂಗಿಯನ್ನು ಸೊಂಟದ ಮೇಲೆ ಹೊತ್ತು ತಂದಳು. ಕರಿಯಪ್ಪನವರು, "ಏಯ್, ಮಗೀನ ಯಾಕೆ ತತ್ತೀಯೇ ಇಲ್ಲಿಗೆ? ನಿಂಗೇನು ಬುದ್ಧಿ ಐತಾ ಇಲ್ವಾ?" ಎಂದು ಗದರಿದರು. ಜೋರು ದನಿಗೆ ಅವಳ ಮುಖ ಕಲ್ಲಾಯಿತು, ಕಾಲು ನಿಂತುಬಿಟ್ಟವು. ಪುಟ್ಟಯ್ಯ ಹಿರಿಯರ ಕಡೆ ಕೈ ಎತ್ತಿ, "ಬುಡಿ ಗೌಡ್ರೇ, ಬುಡಿ" ಎಂದ. ಕೆಂಚಮ್ಮ ಮತ್ತೆ ಹೆಜ್ಜೆ ಇಟ್ಟಳು. ಅಜ್ಜಿಯ ಪಕ್ಕದಲ್ಲಿ ಕೂತು, ತಂಗಿಯ ಕೈ ಹಿಡಿದು ಅಜ್ಜಿಯ ತಣ್ಣನೆಯ ಪಾದದ ಮೇಲೆ ಇಟ್ಟು, ಪಾಠ ಒಪ್ಪಿಸುವಾಗ ಹೇಳುತ್ತಿದ್ದ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು:

"ಅಜ್ಜಿ ಸತ್ತೋಗವ್ಳೆ. ಬರಾಕಿಲ್ಲ. ನೀ ಕಾಯ್ಬ್ಯಾಡ. ಅಳು."

ಮಗು ಅಜ್ಜಿಯ ಮುಖವನ್ನು ಮುಟ್ಟಿ ನೋಡಿತು, ಅಕ್ಕನ ಮುಖ ನೋಡಿತು, ಆಮೇಲೆ ಅಳಲು ಶುರು ಮಾಡಿತು. ಕೆಂಚಮ್ಮ ಅದನ್ನು ಮಡಿಲಲ್ಲಿ ಹಾಕಿಕೊಂಡು, ಹೆಣ ಎತ್ತುವವರೆಗೂ ಅದರ ಜೊತೆ ಅತ್ತಳು. ನನ್ನ ಪಕ್ಕದಲ್ಲಿದ್ದ ಧರ್ಮಾವತಿಯವರು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು.

ಮೇಡಂ, ನೀವು ನಿವೃತ್ತರಾದಿರೆಂದು ಇಲಾಖೆ ಬರೆದುಕೊಟ್ಟಿದೆ. ಕಣ್ಣು, ಕಾಲು, ಗಂಟಲು ಮೂರೂ ಗಟ್ಟಿಯಾಗಿದ್ದು ನೀವು ಬಹುಕಾಲ ಬಾಳಬೇಕು, ನಿಮ್ಮ ಮನೆಯ ಜಗಲಿಯ ಮೇಲೆ ನೀವು ಈಗ ಶುರು ಮಾಡಿರುವ ಪಾಠ ನಡೆಯುತ್ತಲೇ ಇರಬೇಕು. ಬರುವ ಜೂನ್‌ಗೆ ದೇವೀರಮ್ಮನನ್ನು ಕರೆತರುತ್ತೇನೆಂದು ಕೆಂಚಮ್ಮ ಹೇಳಿದ್ದಾಳೆ. ಅಳುವುದನ್ನು ಅಕ್ಕ ಕಲಿಸಿದ್ದಾಳೆ, ಅಕ್ಷರ ನೀವು ಕಲಿಸಿ.